ಮಿಥಿಕ್ ಸೊಸೈಟಿ ಮತ್ತು ಬೆಂಗಳೂರಿನ ಶಾಸನಗಳ ಸಂರಕ್ಷಣೆ

ಮಿಥಿಕ್ ಸೊಸೈಟಿಯು ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ಒಂದು ವಿದ್ವತ್ ಸಂಸ್ಥೆ. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು ಇತಿಹಾಸ, ಪುರಾತತ್ತ್ವ, ಜನಾಂಗ ಅಧ್ಯಯನ, ಧರ್ಮ, ತತ್ತ್ವಶಾಸ್ತ್ರ ಮತ್ತು ಜಾನಪದ ಕ್ಷೇತ್ರಗಳಲ್ಲಿ ಸಂಶೋಧನೆಯನ್ನು ಪ್ರೋತ್ಸಾಹಿಸುತ್ತ ಬಂದಿದೆ. ತ್ರೈಮಾಸಿಕ ಸಂಶೋಧನ ಪತ್ರಿಕೆ, ಗ್ರಂಥಾಲಯ ಮತ್ತು ಉಪನ್ಯಾಸಗಳು ಅದರ ಹಳೆಯ ಚಟುವಟಿಕೆಗಳು. 2021ರಿಂದ ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ರಾಮನಗರ ಪ್ರದೇಶಗಳ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಕಾರ್ಯವನ್ನೂ ಸಂಸ್ಥೆ ಕೈಗೆತ್ತಿಕೊಂಡಿದೆ. ವೇಗವಾಗಿ ಬೆಳೆಯುತ್ತಿರುವ ನಗರದಲ್ಲಿ ಒಂದೊಂದಾಗಿ ಕಣ್ಮರೆಯಾಗುತ್ತಿರುವ ಶಾಸನಕಲ್ಲುಗಳನ್ನು ಉಳಿಸುವ ಪ್ರಯತ್ನಗಳಲ್ಲಿ ಇದು ಮುಖ್ಯವಾದದ್ದು.

ಹಿನ್ನೆಲೆ

ಒಂದು ಪ್ರದೇಶದ ಇತಿಹಾಸವನ್ನು ಆ ಪ್ರದೇಶದ ಆಸಕ್ತರೇ ಸಂಘ ಕಟ್ಟಿಕೊಂಡು ಸಂಗ್ರಹಿಸುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಬಲವಾಯಿತು. ಇಂಗ್ಲೆಂಡಿನಲ್ಲಿ ಕೌಂಟಿಗಳ ಮಟ್ಟದ ಪುರಾತತ್ತ್ವ ಮತ್ತು ಇತಿಹಾಸ ಸಂಘಗಳು 1840ರ ದಶಕದಿಂದ ಹುಟ್ಟಿಕೊಂಡವು. 1846ರಲ್ಲಿ ಸ್ಥಾಪನೆಯಾದ ಸಸೆಕ್ಸ್ ಪುರಾತತ್ತ್ವ ಸಂಘವು ಇವುಗಳಲ್ಲಿ ಒಂದು. ಪಾದ್ರಿಗಳು, ವಕೀಲರು, ವೈದ್ಯರು, ಶಿಕ್ಷಕರು ಮೊದಲಾದವರು ಬಿಡುವಿನ ವೇಳೆಯಲ್ಲಿ ತಮ್ಮ ಊರಿನ ಹಳೆಯ ಕಟ್ಟಡ, ಸಮಾಧಿ, ನಾಣ್ಯ, ದಸ್ತಾವೇಜುಗಳನ್ನು ಗುರುತಿಸಿ ಪ್ರಕಟಿಸುತ್ತಿದ್ದರು.

ಭಾರತದಲ್ಲಿ 1784ರಲ್ಲಿ ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿ ಆರಂಭವಾಗಿತ್ತು. ಆದರೆ ಪ್ರಾದೇಶಿಕ ಇತಿಹಾಸವನ್ನೇ ಮುಖ್ಯವಾಗಿಟ್ಟುಕೊಂಡ ಸಂಘಗಳು ಹೆಚ್ಚಾಗಿ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳ 1910ರಲ್ಲಿ ಸ್ಥಾಪನೆಯಾಯಿತು. ಧಾರವಾಡದಲ್ಲಿ ಆಲೂರ ವೆಂಕಟರಾಯರು 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವನ್ನು ಆರಂಭಿಸಿದರು. ಮಿಥಿಕ್ ಸೊಸೈಟಿಯು ಇವೆರಡಕ್ಕೂ ಸ್ವಲ್ಪ ಮೊದಲೇ, ಹಳೆಯ ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ ಜನ್ಮತಾಳಿತು.

ಸ್ಥಾಪನೆ

ಆಗ ಬೆಂಗಳೂರು ಆಡಳಿತದ ದೃಷ್ಟಿಯಿಂದ ಎರಡು ಭಾಗಗಳಾಗಿತ್ತು. ಪೇಟೆ ಮತ್ತು ಅದರ ಸುತ್ತಲಿನ ನಗರವು ಮೈಸೂರು ಸರ್ಕಾರದ ಅಧೀನದಲ್ಲಿತ್ತು. ದಂಡು ಪ್ರದೇಶವು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲಿತ್ತು. ಈ ಸ್ಟೇಷನ್ನಿನ ಕಲೆಕ್ಟರ್ ಆಗಿದ್ದ ಎಫ್. ಜೆ. ರಿಚರ್ಡ್ಸ್ ಅವರ ಮುತುವರ್ಜಿಯಿಂದ 1909ರಲ್ಲಿ ಸೊಸೈಟಿ ಸ್ಥಾಪನೆಯಾಯಿತು. ರಿಚರ್ಡ್ಸ್ ಅವರು ಮುಂದೆ ಮದ್ರಾಸು ಪ್ರಾಂತ್ಯದ ಸೇಲಂ ಜಿಲ್ಲೆಯ ಗೆಜೆಟಿಯರನ್ನು ಬರೆದವರು. ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ ಫಾದರ್ ಎ. ಎಂ. ಟಬಾರ್ಡ್ ಅವರು ದೀರ್ಘಕಾಲ ಸೊಸೈಟಿಯ ಅಧ್ಯಕ್ಷರಾಗಿ ಅದನ್ನು ಬೆಳೆಸಿದರು. ಯುರೋಪಿಯನ್ ಅಧಿಕಾರಿಗಳು ಮತ್ತು ಭಾರತೀಯ ವಿದ್ವಾಂಸರು ಆರಂಭದಿಂದಲೂ ಒಟ್ಟಾಗಿ ಭಾಗವಹಿಸಿದ್ದು ಈ ಸಂಸ್ಥೆಯ ವಿಶೇಷ.

ಸಂಸ್ಥೆಯ ಹೆಸರಿನಲ್ಲಿರುವ ‘ಮಿಥಿಕ್’ ಎಂಬ ಪದವನ್ನು ನೋಡಿ ಇದು ಪುರಾಣಕಥೆಗಳ ಅಧ್ಯಯನಕ್ಕೆ ಮಾತ್ರ ಮೀಸಲಾದ ಸಂಘವೆಂದು ಭಾವಿಸುವುದುಂಟು. ವಾಸ್ತವವಾಗಿ ದಕ್ಷಿಣ ಭಾರತದ, ವಿಶೇಷವಾಗಿ ಮೈಸೂರು ಸೀಮೆಯ ಇತಿಹಾಸ ಮತ್ತು ಸಂಸ್ಕೃತಿಯ ಎಲ್ಲ ಮುಖಗಳೂ ಅದರ ವ್ಯಾಪ್ತಿಗೆ ಸೇರಿವೆ.

ಕಟ್ಟಡ

ಸೊಸೈಟಿಯ ಹಳೆಯ ಕಟ್ಟಡಕ್ಕೆ ಡೇಲಿ ಸ್ಮಾರಕ ಭವನ ಎಂದು ಹೆಸರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಸರ್ ಹ್ಯೂ ಡೇಲಿ ಅವರ ನೆನಪಿಗಾಗಿ ಈ ಹೆಸರನ್ನಿಡಲಾಯಿತು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು 1916ರ ಆಗಸ್ಟ್ 30ರಂದು ಇದಕ್ಕೆ ಅಸ್ತಿಭಾರ ಹಾಕಿದರು. 1917ರಲ್ಲಿ ಕಟ್ಟಡ ಪೂರ್ಣಗೊಂಡಿತು. ಇಂದಿನ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರಸ್ತೆ ಎಂಬ ಹೆಸರಿತ್ತು. ಪೇಟೆ ಮತ್ತು ದಂಡು ಪ್ರದೇಶಗಳ ನಡುವೆ, ಕಬ್ಬನ್ ಉದ್ಯಾನದ ಸಮೀಪದಲ್ಲಿ ಇದ್ದುದರಿಂದ ಎರಡೂ ಕಡೆಯ ಸದಸ್ಯರಿಗೆ ಇದು ಅನುಕೂಲವಾದ ಸ್ಥಳವಾಗಿತ್ತು. ನೂರು ವರ್ಷ ದಾಟಿದ ಈ ಭವನವು ಸ್ವತಃ ನಗರದ ಪಾರಂಪರಿಕ ಕಟ್ಟಡಗಳಲ್ಲಿ ಒಂದಾಗಿದೆ.

ಪತ್ರಿಕೆ ಮತ್ತು ಗ್ರಂಥಾಲಯ

ಸೊಸೈಟಿಯು ಆರಂಭದ ವರ್ಷದಿಂದಲೇ ‘ಕ್ವಾರ್ಟರ್ಲಿ ಜರ್ನಲ್ ಆಫ್ ದಿ ಮಿಥಿಕ್ ಸೊಸೈಟಿ’ ಎಂಬ ತ್ರೈಮಾಸಿಕವನ್ನು ಹೊರತಂದಿತು. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿ, ದಕ್ಷಿಣ ಭಾರತದ ಇತಿಹಾಸಕಾರ ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ ಮೊದಲಾದವರು ಇದರಲ್ಲಿ ಬರೆದಿದ್ದಾರೆ. ಶಾಸನ, ನಾಣ್ಯ, ದೇವಾಲಯ, ಗ್ರಾಮದೇವತೆಗಳ ಆಚರಣೆ, ಬುಡಕಟ್ಟುಗಳ ಜೀವನ, ಸ್ಥಳನಾಮ ಮುಂತಾದ ವಿಷಯಗಳ ಮೇಲಿನ ಅನೇಕ ಲೇಖನಗಳು ಮೊದಲು ಬೆಳಕಿಗೆ ಬಂದದ್ದು ಈ ಪತ್ರಿಕೆಯ ಪುಟಗಳಲ್ಲಿ. ಹಳೆಯ ಸಂಪುಟಗಳು ಇಂದಿಗೂ ಸಂಶೋಧಕರಿಗೆ ಆಕರಗಳಾಗಿವೆ. ಸೊಸೈಟಿಯ ಗ್ರಂಥಾಲಯದಲ್ಲಿ ಇತಿಹಾಸ ಮತ್ತು ಭಾರತೀಯ ವಿದ್ಯೆಗಳಿಗೆ ಸಂಬಂಧಿಸಿದ, ಬೇರೆಡೆ ಸುಲಭವಾಗಿ ದೊರಕದ ಹಳೆಯ ಗ್ರಂಥಗಳಿವೆ.

ಬೆಂಗಳೂರು ಸೀಮೆಯ ಶಾಸನಗಳು

ಬೆಂಗಳೂರು ಎಂದರೆ 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು ಎಂಬುದು ಜನಜನಿತವಾದ ಮಾತು. ಕೋಟೆ, ಪೇಟೆಗಳ ಮಟ್ಟಿಗೆ ಅದು ಸರಿ. ಆದರೆ ಈ ಸೀಮೆಯ ಹಳ್ಳಿಗಳು, ಕೆರೆಗಳು ಮತ್ತು ದೇವಾಲಯಗಳು ಅದಕ್ಕಿಂತ ಏಳೆಂಟು ನೂರು ವರ್ಷಗಳಷ್ಟು ಹಿಂದೆಯೇ ಇದ್ದುವೆಂಬುದಕ್ಕೆ ಶಾಸನಗಳು ಸಾಕ್ಷಿ. ಗಂಗ, ಚೋಳ, ಹೊಯ್ಸಳ, ವಿಜಯನಗರ ಅರಸರ ಕಾಲದ ಶಾಸನಗಳೂ ಯಲಹಂಕ ನಾಡಪ್ರಭುಗಳು, ಮರಾಠರು ಮತ್ತು ಮೈಸೂರು ಒಡೆಯರ ಕಾಲದವೂ ಇಲ್ಲಿ ದೊರೆತಿವೆ. ಕನ್ನಡದವು ಹೆಚ್ಚು, ತಮಿಳು, ತೆಲುಗು, ಸಂಸ್ಕೃತ ಶಾಸನಗಳೂ ಇವೆ. ಇವುಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

• ವೀರಗಲ್ಲು: ಯುದ್ಧದಲ್ಲಿ, ತುರುಗಳ ರಕ್ಷಣೆಯಲ್ಲಿ, ಕಾಡುಮೃಗಗಳೊಡನೆ ಹೋರಾಡಿ ಮಡಿದವರ ಸ್ಮಾರಕ. ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ ಚಿತ್ರಿತವಾಗಿರುತ್ತವೆ. ಎಲ್ಲ ವೀರಗಲ್ಲುಗಳಲ್ಲಿಯೂ ಬರಹವಿರುವುದಿಲ್ಲ.

• ಮಾಸ್ತಿಕಲ್ಲು: ಸಹಗಮನ ಮಾಡಿದ ಸ್ತ್ರೀಯರ ಸ್ಮಾರಕ. ಮೇಲೆತ್ತಿದ ಕೈ ಇದರ ಮುಖ್ಯ ಲಕ್ಷಣ.

• ದಾನಶಾಸನ: ದೇವಾಲಯಕ್ಕೆ, ಬ್ರಾಹ್ಮಣರಿಗೆ, ಬಸದಿ ಅಥವಾ ಮಠಕ್ಕೆ ಭೂಮಿ, ಗ್ರಾಮ, ತೆರಿಗೆಯ ಆದಾಯ ಮುಂತಾದುವನ್ನು ಬಿಟ್ಟ ದಾಖಲೆ. ಗಡಿಗಳ ವಿವರವೂ ಇದರಲ್ಲಿ ಇರುವುದುಂಟು.

• ಕೆರೆ ಮತ್ತು ತೂಬಿನ ಶಾಸನ: ಕೆರೆ ಕಟ್ಟಿಸಿದ, ತೂಬು ಇಡಿಸಿದ, ಅದರ ನಿರ್ವಹಣೆಗೆ ಗದ್ದೆ ಬಿಟ್ಟ ವಿವರ.

ದಾನಶಾಸನಗಳ ಮೇಲ್ಭಾಗದಲ್ಲಿ ಸೂರ್ಯ ಚಂದ್ರರನ್ನು ಕೆತ್ತುವುದು ವಾಡಿಕೆ. ಆ ದಾನವು ಸೂರ್ಯ ಚಂದ್ರರಿರುವವರೆಗೆ ನಡೆಯಲಿ ಎಂಬುದು ಆಶಯ. ಕೊನೆಯಲ್ಲಿ ದಾನವನ್ನು ಅಳಿಸಿದವರಿಗೆ ತಟ್ಟುವ ಪಾಪವನ್ನು ಹೇಳುವ ಶಾಪಾಶಯದ ಮಾತುಗಳಿರುತ್ತವೆ.

ದಾಖಲೀಕರಣದ ಮೊದಲ ಘಟ್ಟ

ಈ ಶಾಸನಗಳನ್ನು ವ್ಯವಸ್ಥಿತವಾಗಿ ಓದಿ ಪ್ರಕಟಿಸಿದ ಕೀರ್ತಿ ಬೆಂಜಮಿನ್ ಲೂಯಿಸ್ ರೈಸ್ ಅವರದು. 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ರೈಸ್, ಶಿಕ್ಷಕರಾಗಿ ವೃತ್ತಿ ಆರಂಭಿಸಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಉನ್ನತಾಧಿಕಾರಿಯಾದವರು. ಶಾಲೆಗಳ ತನಿಖೆಗೆಂದು ಹಳ್ಳಿಗಳಲ್ಲಿ ಸಂಚರಿಸುವಾಗ ಅವರ ಗಮನ ಶಾಸನಗಳತ್ತ ಹರಿಯಿತು. ಮುಂದೆ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ ಸಹಾಯಕ ಪಂಡಿತರೊಡನೆ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಸಂಪುಟಮಾಲೆಯಲ್ಲಿ ಪ್ರಕಟಿಸಿದರು. 1886ರಲ್ಲಿ ಕೊಡಗಿನ ಶಾಸನಗಳಿಂದ ಈ ಮಾಲೆ ಆರಂಭವಾಯಿತು. ಬೆಂಗಳೂರು ಜಿಲ್ಲೆಯ ಶಾಸನಗಳಿರುವುದು 1905ರಲ್ಲಿ ಪ್ರಕಟವಾದ ಒಂಬತ್ತನೆಯ ಸಂಪುಟದಲ್ಲಿ. ಬೆಂಗಳೂರು, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಮಾಗಡಿ, ಚನ್ನಪಟ್ಟಣ, ಕನಕಪುರ (ಆಗಿನ ಕಾನಕಾನಹಳ್ಳಿ) ಮುಂತಾಗಿ ತಾಲ್ಲೂಕುವಾರು ಕ್ರಮಸಂಖ್ಯೆಗಳನ್ನು ಅದರಲ್ಲಿ ನೀಡಲಾಗಿದೆ.

ರೈಸ್ ಅವರ ನಂತರ ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ. ಎಚ್. ಕೃಷ್ಣ ಮೊದಲಾದ ನಿರ್ದೇಶಕರು ಹೊಸ ಶಾಸನಗಳನ್ನು ಇಲಾಖೆಯ ವಾರ್ಷಿಕ ವರದಿಗಳಲ್ಲಿ ಪ್ರಕಟಿಸುತ್ತ ಹೋದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ಹೊರತಂದಿದೆ.

ಆ ಕಾಲದಲ್ಲಿ ಶಾಸನದ ಪ್ರತಿ ತೆಗೆಯುವ ವಿಧಾನವೆಂದರೆ ಕಾಗದದ ಅಚ್ಚು. ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗೆರೆಗಳೊಳಕ್ಕೆ ಕೂರಿಸಿ, ಮೇಲೆ ಮಸಿ ಹಚ್ಚಿದರೆ ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಇಂದಿಗೂ ಶಾಸನತಜ್ಞರು ಈ ವಿಧಾನವನ್ನು ಬಳಸುತ್ತಾರೆ. ಕಲ್ಲು ತೀರ ಸವೆದಿದ್ದರೆ, ಇಲ್ಲವೇ ಬಣ್ಣ ಮೆತ್ತಿದ್ದರೆ ಅಚ್ಚು ಸ್ಪಷ್ಟವಾಗಿ ಬರುವುದಿಲ್ಲ.

ಪ್ರಕಟವಾದರೂ ಉಳಿಯದ ಕಲ್ಲುಗಳು

ಪುಸ್ತಕದಲ್ಲಿ ಪಾಠ ಅಚ್ಚಾದೊಡನೆ ಶಾಸನದ ಕೆಲಸ ಮುಗಿಯಿತೆಂಬ ಭಾವನೆ ಬಹುಕಾಲ ಇತ್ತು. ಕಲ್ಲು ಮಾತ್ರ ಹೊಲದಲ್ಲಿ, ಕೆರೆಯ ಏರಿಯ ಮೇಲೆ, ಊರ ಮುಂದಿನ ಅರಳಿಕಟ್ಟೆಯ ಬಳಿ ಹಾಗೆಯೇ ಉಳಿಯಿತು. ಊರಿನ ಪೂರ್ವಕ್ಕೆ ಇಂಥವರ ಹೊಲದಲ್ಲಿರುವ ಕಲ್ಲು, ಇಂಥ ಗುಡಿಯ ಮುಂದಿನ ಕಲ್ಲು ಎಂಬ ಬಗೆಯ ಗುರುತುಗಳನ್ನೇ ಹಳೆಯ ಸಂಪುಟಗಳು ನೀಡುತ್ತವೆ. ನೂರು ವರ್ಷಗಳಲ್ಲಿ ಹೊಲವು ಬಡಾವಣೆಯಾಗಿ, ಕೆರೆಯು ಮೈದಾನವೋ ಬಸ್ ನಿಲ್ದಾಣವೋ ಆಗಿ, ಹಳ್ಳಿಯ ಹೆಸರೇ ಬದಲಾಗಿರುವಾಗ ಈ ಗುರುತುಗಳಿಂದ ಕಲ್ಲನ್ನು ಪತ್ತೆಹಚ್ಚುವುದು ಕಷ್ಟ. ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಕ್ರಮಸಂಖ್ಯೆ ಇದ್ದು, ಸ್ಥಳದಲ್ಲಿ ಕಲ್ಲು ಇಲ್ಲದಿರುವ ನಿದರ್ಶನಗಳು ಬೆಂಗಳೂರಿನಲ್ಲಿ ಅನೇಕ.

ನಾಶಕ್ಕೆ ಮುಖ್ಯ ಕಾರಣಗಳು ಇವು:

• ರಸ್ತೆ ವಿಸ್ತರಣೆ, ಚರಂಡಿ, ಬಡಾವಣೆ ಮತ್ತು ಮನೆಗಳ ನಿರ್ಮಾಣದ ಸಮಯದಲ್ಲಿ ಯಂತ್ರಗಳಿಂದ ಕಲ್ಲು ಒಡೆಯುವುದು ಅಥವಾ ಮಣ್ಣಿನೊಡನೆ ಬೇರೆಡೆಗೆ ಸಾಗಿಹೋಗುವುದು.

• ಚಪ್ಪಡಿಯಾಗಿ ಮರುಬಳಕೆ. ಮೋರಿಯ ಮುಚ್ಚಳ, ಬಟ್ಟೆ ಒಗೆಯುವ ಕಲ್ಲು, ಮೆಟ್ಟಿಲು, ಗೋಡೆಯ ತಳಪಾಯಗಳಾಗಿ ಶಾಸನಗಳು ಸಿಕ್ಕಿರುವುದುಂಟು.

• ಶಾಸನದ ಕೆಳಗೆ ನಿಧಿ ಇದೆ ಎಂಬ ತಪ್ಪು ನಂಬಿಕೆಯಿಂದ ಕಲ್ಲನ್ನು ಕೀಳುವುದು, ಒಡೆಯುವುದು.

• ದೇವಾಲಯಗಳ ಜೀರ್ಣೋದ್ಧಾರದ ವೇಳೆ ಸುಣ್ಣ, ಎನಾಮಲ್ ಬಣ್ಣ, ಸಿಮೆಂಟ್ ಅಥವಾ ಗ್ರಾನೈಟ್ ಹಾಸುಗಳಿಂದ ಬರಹವನ್ನು ಮುಚ್ಚುವುದು. ಮರಳು ಸಿಡಿಸಿ ಕಲ್ಲನ್ನು ಉಜ್ಜುವುದು.

• ಪೂಜೆಯ ಎಣ್ಣೆ, ಅರಿಸಿನ ಕುಂಕುಮಗಳ ದಪ್ಪ ಲೇಪ.

ಇವುಗಳಲ್ಲಿ ಹೆಚ್ಚಿನವು ದುರುದ್ದೇಶದಿಂದ ಆಗುವಂಥವಲ್ಲ. ಪೂಜೆಯನ್ನು ಪಡೆಯುವ ಕಲ್ಲು ಕೆಲವೆಡೆ ಪೂಜೆಯ ಕಾರಣದಿಂದಲೇ ಉಳಿದುಕೊಂಡಿರುವುದೂ ಉಂಟು. ಆದರೆ ಹಳೆಯ ಲಿಪಿಯನ್ನು ಓದಲಾಗದ ಊರಿನವರಿಗೆ ಅದರಲ್ಲಿ ತಮ್ಮ ಊರಿನದೇ ಕಥೆ ಇದೆ ಎಂಬುದು ತಿಳಿದಿರುವುದಿಲ್ಲ. ಪ್ರಕಟಿತ ಪಾಠವು ಗ್ರಂಥಾಲಯದಲ್ಲಿ, ಕಲ್ಲು ಬೀದಿಯಲ್ಲಿ. ಇವೆರಡರ ನಡುವಿನ ಅಂತರವೇ ನಾಶದ ಮೂಲಕಾರಣವೆನ್ನಬಹುದು.

ಡಿಜಿಟಲ್ ಸಂರಕ್ಷಣಾ ಯೋಜನೆ

2010ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನ ಕೆಲವು ಆಸಕ್ತ ನಾಗರಿಕರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಹೇಳಿರುವ ಸ್ಥಳಗಳಿಗೆ ಹೋಗಿ ಕಲ್ಲುಗಳನ್ನು ಹುಡುಕುವ ಕಾರ್ಯ ಆರಂಭಿಸಿದರು. ಇವರಲ್ಲಿ ಇತಿಹಾಸವನ್ನು ವೃತ್ತಿಯಾಗಿ ಓದಿದವರಿಗಿಂತ ಇತರ ಉದ್ಯೋಗಗಳಲ್ಲಿದ್ದವರೇ ಹೆಚ್ಚು. ಅವರ ಅನುಭವ ಮತ್ತು ಮಿಥಿಕ್ ಸೊಸೈಟಿಯ ವಿದ್ವತ್ ಪರಂಪರೆ ಒಂದುಗೂಡಿ 2021ರಲ್ಲಿ ಬೆಂಗಳೂರು ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆ ಆರಂಭವಾಯಿತು. ಬೆಂಗಳೂರು ನಗರ, ಗ್ರಾಮಾಂತರ ಮತ್ತು ರಾಮನಗರ ಪ್ರದೇಶಗಳ ಸುಮಾರು 1,500 ಶಾಸನಗಳನ್ನು ದಾಖಲಿಸುವುದು ಅದರ ಗುರಿ.

ಕಾರ್ಯವಿಧಾನ

ಮೊದಲು ಹಳೆಯ ಸಂಪುಟದ ವಿವರದಿಂದ ಸ್ಥಳವನ್ನು ಊಹಿಸಿ, ಊರಿನ ಹಿರಿಯರು, ಅರ್ಚಕರು ಮತ್ತು ರೈತರನ್ನು ವಿಚಾರಿಸಲಾಗುತ್ತದೆ. ಕಲ್ಲು ದೊರೆತ ಬಳಿಕ ಗಿಡಗಂಟಿಗಳನ್ನು ಸರಿಸಿ, ಮಣ್ಣು ತೆಗೆದು, ಮೃದುವಾಗಿ ಶುಚಿಗೊಳಿಸಲಾಗುತ್ತದೆ. ಅನಂತರ ಕೈಯಲ್ಲಿ ಹಿಡಿಯಬಹುದಾದ ಸ್ಕ್ಯಾನರ್ ಯಂತ್ರವನ್ನು ಕಲ್ಲಿನ ಮೇಲ್ಮೈಗೆ ಎದುರಾಗಿ ನಿಧಾನವಾಗಿ ಸರಿಸುತ್ತ ಹೋಗುತ್ತಾರೆ. ಯಂತ್ರವು ಬೆಳಕನ್ನು ಕಲ್ಲಿನ ಮೇಲೆ ಬೀರಿ, ಅದು ಹಿಂದಿರುಗುವ ರೀತಿಯಿಂದ ಮೇಲ್ಮೈಯ ಅಸಂಖ್ಯಾತ ಬಿಂದುಗಳ ಸ್ಥಾನವನ್ನು ಅಳೆಯುತ್ತದೆ. ಈ ಬಿಂದುಗಳನ್ನು ಜೋಡಿಸಿ ಗಣಕದಲ್ಲಿ ಕಲ್ಲಿನ ಪ್ರತಿರೂಪವನ್ನು ರಚಿಸಲಾಗುತ್ತದೆ.

ಛಾಯಾಚಿತ್ರಕ್ಕೂ ಈ ಪ್ರತಿರೂಪಕ್ಕೂ ಮುಖ್ಯವಾದ ವ್ಯತ್ಯಾಸವಿದೆ. ಛಾಯಾಚಿತ್ರದಲ್ಲಿ ಅಕ್ಷರ ಕಾಣುವುದು ಆ ಹೊತ್ತಿನ ಬೆಳಕನ್ನು ಅವಲಂಬಿಸಿರುತ್ತದೆ. ಕಲೆ, ಬಣ್ಣ, ಪಾಚಿಗಳು ಅಕ್ಷರವನ್ನು ಮರೆಮಾಡುತ್ತವೆ. ಮೂರು ಆಯಾಮದ ಪ್ರತಿರೂಪದಲ್ಲಿ ಬಣ್ಣವನ್ನು ತೆಗೆದುಹಾಕಿ ಉಬ್ಬುತಗ್ಗುಗಳನ್ನು ಮಾತ್ರ ಉಳಿಸಿಕೊಳ್ಳಬಹುದು. ಕೃತಕ ಬೆಳಕನ್ನು ಬೇಕಾದ ದಿಕ್ಕಿನಿಂದ ಹಾಯಿಸಬಹುದು. ಹೀಗಾಗಿ ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳನ್ನು ಓದಲು, ಹಿಂದಿನವರು ಬಿಟ್ಟುಹೋದ ಅಥವಾ ಬೇರೆಯಾಗಿ ಓದಿದ ಭಾಗಗಳನ್ನು ಪರಿಶೀಲಿಸಲು ಸಾಧ್ಯವಾಗುತ್ತದೆ. ಮುಂದೊಂದು ದಿನ ಮೂಲ ಕಲ್ಲು ನಾಶವಾದರೂ ಅದರ ನಿಖರವಾದ ಅಳತೆ ಉಳಿದಿರುತ್ತದೆ.

ದಾಖಲಾದ ಶಾಸನಗಳ ಪ್ರತಿರೂಪಗಳನ್ನು ಸಾರ್ವಜನಿಕರು ಅಂತರಜಾಲದಲ್ಲಿ ಉಚಿತವಾಗಿ ನೋಡುವಂತೆ ಮಾಡಲಾಗಿದೆ. ಶಾಸನಗಳಲ್ಲಿ ಬರುವ ಒಂದೊಂದು ಅಕ್ಷರದ ಚಿತ್ರವನ್ನೂ ಬೇರ್ಪಡಿಸಿ ಸಂಗ್ರಹಿಸುವ ‘ಅಕ್ಷರ ಭಂಡಾರ’ ಎಂಬ ತಂತ್ರಾಂಶವನ್ನೂ ಯೋಜನೆಯು ರೂಪಿಸಿದೆ. ಒಂದು ಅಕ್ಷರದ ರೂಪ ಶತಮಾನದಿಂದ ಶತಮಾನಕ್ಕೆ ಹೇಗೆ ಬದಲಾಯಿತೆಂಬುದನ್ನು ತಿಳಿಯಲು, ಹಳಗನ್ನಡ ಲಿಪಿಯನ್ನು ಕಲಿಯಲು ಇಂಥ ಸಂಗ್ರಹವು ಉಪಯುಕ್ತ.

ಈ ವಿಧಾನಕ್ಕೂ ಮಿತಿಗಳಿವೆ. ಯಂತ್ರವು ಅಕ್ಷರವನ್ನು ತೋರಿಸುತ್ತದೆಯೇ ಹೊರತು ಅದನ್ನು ಓದಿ ಅರ್ಥ ಹೇಳುವುದಿಲ್ಲ. ಅದಕ್ಕೆ ಹಳಗನ್ನಡ, ತಮಿಳು, ಗ್ರಂಥ ಲಿಪಿಗಳನ್ನು ಬಲ್ಲ ವಿದ್ವಾಂಸರೇ ಬೇಕು. ಗಣಕದ ಕಡತಗಳನ್ನೂ ಕಾಲಕಾಲಕ್ಕೆ ಹೊಸ ಮಾದರಿಗೆ ಬದಲಾಯಿಸುತ್ತ, ಹಲವು ಕಡೆ ಪ್ರತಿಗಳನ್ನಿಡುತ್ತ ಕಾಪಾಡಬೇಕಾಗುತ್ತದೆ.

ಕೆಲವು ಪ್ರಮುಖ ಶಾಸನಗಳು

ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು: 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕಾಮಗಾರಿಯ ವೇಳೆ ಬೆಳಕಿಗೆ ಬಂದ ಈ ಶಾಸನವು ಗಂಗ ಅರಸ ಶ್ರೀಪುರುಷನ ಕಾಲದ್ದು, ಇದರ ಕಾಲ ಸುಮಾರು ಕ್ರಿ.ಶ. 750. ಬೆಂಗಳೂರು ನಗರದಲ್ಲಿ ದೊರೆತಿರುವ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಇದನ್ನು ಪರಿಗಣಿಸಲಾಗಿದೆ. ಹೋರಾಟದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕವಾದ ಇದರಲ್ಲಿ ‘ಪೆರ್ಬೊಳಲ್ ನಾಡು’ ಎಂಬ ಹೆಸರಿದೆ. ‘ಪೆರ್’ ಎಂದರೆ ದೊಡ್ಡದು, ‘ಪೊಳಲ್’ ಎಂದರೆ ಪಟ್ಟಣ. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾಗುವ ನಿಯಮದಂತೆ ಈ ಹೆಸರೇ ಇಂದಿನ ಹೆಬ್ಬಾಳವಾಗಿದೆ. ಸಾರ್ವಜನಿಕರ ನೆರವಿನಿಂದ ಈ ಕಲ್ಲಿಗೆ ಅಲ್ಲಿಯೇ ಒಂದು ಮಂಟಪವನ್ನು ನಿರ್ಮಿಸಲಾಗಿದೆ.

ಬೇಗೂರಿನ ವೀರಗಲ್ಲು: ಬೇಗೂರಿನ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಈ ಕಲ್ಲಿನಲ್ಲಿ ಬೆಂಗಳೂರಿನಲ್ಲಿ ನಡೆದ ಕಾಳಗದ ಉಲ್ಲೇಖವಿದೆ. ‘ಬೆಂಗಳೂರು’ ಎಂಬ ಹೆಸರು ಕಂಡುಬರುವ ಅತಿ ಹಳೆಯ ದಾಖಲೆ ಇದು. ಹೊಯ್ಸಳ ಅರಸನೊಬ್ಬನಿಗೆ ಮುದುಕಿಯೊಬ್ಬಳು ಬೆಂದ ಕಾಳು ನೀಡಿದ್ದರಿಂದ ‘ಬೆಂದಕಾಳೂರು’ ಎಂಬ ಹೆಸರು ಬಂತೆಂಬ ಐತಿಹ್ಯವು ಸುಪ್ರಸಿದ್ಧ. ಹೊಯ್ಸಳರಿಗಿಂತ ಮೊದಲೇ ಈ ಹೆಸರು ಬಳಕೆಯಲ್ಲಿತ್ತೆಂಬುದನ್ನು ಬೇಗೂರಿನ ಕಲ್ಲು ಖಚಿತಪಡಿಸುತ್ತದೆ.

ಅಗರದ ಶಾಸನ: ಗಂಗರ ಕಾಲದ, ಒಂಬತ್ತನೆಯ ಶತಮಾನದ ಈ ಶಾಸನದಲ್ಲಿ ಕೆರೆಗಳಿಗೆ ತೂಬು ಇಡಿಸಿದ ಮತ್ತು ಹೊಸ ಕೆರೆ ಕಟ್ಟಿಸಿದ ವಿವರವಿದೆ. ಬೆಂಗಳೂರಿನ ಕೆರೆಗಳ ಪ್ರಾಚೀನತೆಯನ್ನು ತಿಳಿಸುವ ದಾಖಲೆಗಳಲ್ಲಿ ಇದು ಪ್ರಮುಖವಾದದ್ದು.

ದೊಮ್ಮಲೂರು ಮತ್ತು ಮಡಿವಾಳದ ಶಾಸನಗಳು: ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ತಮಿಳು ಶಾಸನಗಳಿವೆ. ಊರಿನ ಹೆಸರು ಅವುಗಳಲ್ಲಿ ‘ತೊಂಬಲೂರು’ ಎಂದಿದೆ. ಮಡಿವಾಳದ ಸೋಮೇಶ್ವರ ದೇವಾಲಯದ 1247ರ ತಮಿಳು ಶಾಸನದಲ್ಲಿ ‘ವೆಂಗಳೂರು’ ಎಂಬ ಊರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯ ಪ್ರಸ್ತಾಪವಿದೆ. ಬೆಂಗಳೂರು ಹಿಂದಿನಿಂದಲೂ ಬಹುಭಾಷಿಕ ಪ್ರದೇಶವಾಗಿತ್ತೆಂಬುದಕ್ಕೆ ಇವು ನಿದರ್ಶನ.

ಮಲ್ಲೇಶ್ವರದ ಶಾಸನ: ಕಾಡು ಮಲ್ಲೇಶ್ವರ ದೇವಾಲಯಕ್ಕೆ ಸಂಬಂಧಿಸಿದ 1669ರ ಈ ಕನ್ನಡ ಶಾಸನವು ಶಿವಾಜಿಯ ಸೋದರ ಏಕೋಜಿಯು ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ದೇವರ ಸೇವೆಗೆ ಬಿಟ್ಟುದನ್ನು ತಿಳಿಸುತ್ತದೆ. ಇಂದು ಭಾರತೀಯ ವಿಜ್ಞಾನ ಸಂಸ್ಥೆ ಇರುವ ಪ್ರದೇಶವೇ ಆ ಹಳ್ಳಿ ಎಂದು ಗುರುತಿಸಲಾಗಿದೆ. ಹಳ್ಳಿ ಅಳಿದರೂ ಅದರ ಹೆಸರನ್ನು ಉಳಿಸಿರುವುದು ಈ ಶಾಸನ.

ಸ್ವಸ್ಥಾನವೋ ವಸ್ತುಸಂಗ್ರಹಾಲಯವೋ

ಅಪಾಯದಲ್ಲಿರುವ ಕಲ್ಲನ್ನು ಇದ್ದಲ್ಲಿಯೇ ಉಳಿಸಬೇಕೆ, ವಸ್ತುಸಂಗ್ರಹಾಲಯಕ್ಕೆ ಸಾಗಿಸಬೇಕೆ ಎಂಬ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ನಾಗತ್ತರನೆಂಬ ಗಂಗರ ಅಧಿಕಾರಿಯ ಯುದ್ಧವನ್ನು ಚಿತ್ರಿಸುವ ಬೇಗೂರಿನ ಮತ್ತೊಂದು ದೊಡ್ಡ ವೀರಗಲ್ಲನ್ನು ಬಹಳ ಹಿಂದೆಯೇ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತರಲಾಯಿತು. ಅಲ್ಲಿ ಅದು ಸುರಕ್ಷಿತವಾಗಿದ್ದು, ವಿದ್ಯಾರ್ಥಿಗಳಿಗೆ ಸುಲಭವಾಗಿ ನೋಡಲು ದೊರೆಯುತ್ತದೆ. ರಸ್ತೆಯ ಅಂಚಿನಲ್ಲಿ, ಕಟ್ಟಡ ಏಳಲಿರುವ ನಿವೇಶನದಲ್ಲಿ ಇರುವ ಕಲ್ಲಿಗೆ ಬೇರೆ ಉಪಾಯವೂ ಇರುವುದಿಲ್ಲ.

ಆದರೆ ಕಲ್ಲು ತನ್ನ ಸ್ಥಾನದಿಂದ ಕದಲಿದೊಡನೆ ಸ್ವಲ್ಪ ಅರ್ಥವನ್ನು ಕಳೆದುಕೊಳ್ಳುತ್ತದೆ. ಕೆರೆಯ ಏರಿಯ ಮೇಲಿನ ಶಾಸನವು ಆ ಏರಿಯ ಕಾಲವನ್ನು ಹೇಳುತ್ತದೆ. ಗಡಿಕಲ್ಲು ನಿಂತ ಜಾಗವೇ ಅದರ ಸಂದೇಶ. ಹೆಬ್ಬಾಳದಲ್ಲಿ ಆದಂತೆ ಊರಿನವರೇ ಕಲ್ಲಿಗೆ ನೆಲೆ ಕಲ್ಪಿಸಿದಾಗ ಅದರ ಮೇಲ್ವಿಚಾರಣೆಯೂ ಅವರಿಂದಲೇ ನಡೆಯುತ್ತದೆ. ಎಲ್ಲ ಕಲ್ಲುಗಳಿಗೂ ವಸ್ತುಸಂಗ್ರಹಾಲಯದಲ್ಲಿ ಸ್ಥಳ ಒದಗಿಸುವುದು ಅಸಾಧ್ಯವಾದ್ದರಿಂದ, ಸಾಧ್ಯವಿರುವೆಡೆ ಸ್ವಸ್ಥಾನದಲ್ಲಿ ಅಥವಾ ಅದರ ಸಮೀಪದಲ್ಲಿಯೇ ಉಳಿಸುವುದು ಸೂಕ್ತವೆಂಬ ಅಭಿಪ್ರಾಯವು ಸಂರಕ್ಷಕರಲ್ಲಿ ಪ್ರಬಲವಾಗಿದೆ.

ಕಾನೂನು

ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ 1958ರ ಕೇಂದ್ರ ಕಾಯಿದೆಯೂ, ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕದ ಕಾಯಿದೆಯೂ ರಕ್ಷಣೆ ನೀಡುತ್ತವೆ. ಆದರೆ ಈ ರಕ್ಷಣೆ ಪೂರ್ಣವಾಗಿ ದೊರೆಯುವುದು ಅಧಿಸೂಚನೆಯ ಮೂಲಕ ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗೆ. ಹೊಲದಲ್ಲಿ, ಬೀದಿಯಲ್ಲಿ ಬಿಡಿಯಾಗಿ ನಿಂತ ಬಹುಪಾಲು ಶಾಸನಗಳು ಆ ಪಟ್ಟಿಯಲ್ಲಿ ಇಲ್ಲ. 1972ರ ಪುರಾವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆಯು ನೂರು ವರ್ಷಕ್ಕಿಂತ ಹಳೆಯ ಶಾಸನವನ್ನು ಪುರಾವಸ್ತುವಿನ ವ್ಯಾಖ್ಯೆಯಲ್ಲಿ ಸೇರಿಸಿದೆ. ಅದರ ಮುಖ್ಯ ಉದ್ದೇಶ ವ್ಯಾಪಾರ ಮತ್ತು ರಫ್ತಿನ ನಿಯಂತ್ರಣ. ಸಂವಿಧಾನದ 51ಎ ಅನುಚ್ಛೇದವು ದೇಶದ ಸಮ್ಮಿಶ್ರ ಸಂಸ್ಕೃತಿಯ ಶ್ರೀಮಂತ ಪರಂಪರೆಯನ್ನು ಗೌರವಿಸಿ ಕಾಪಾಡುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. ಹೀಗಾಗಿ ಬಿಡಿ ಶಾಸನಗಳ ಉಳಿವು ಬಹುಮಟ್ಟಿಗೆ ಆಯಾ ಊರಿನವರ ತಿಳಿವಳಿಕೆಯನ್ನೇ ಅವಲಂಬಿಸಿದೆ.

ಸಾರ್ವಜನಿಕರ ಪಾತ್ರ

ಬರಹ ಅಥವಾ ಶಿಲ್ಪವಿರುವ ಹಳೆಯ ಕಲ್ಲು ಕಂಡುಬಂದಾಗ ಅನುಸರಿಸಬೇಕಾದ ಕ್ರಮಗಳು ಸರಳವಾಗಿವೆ. ಕಲ್ಲನ್ನು ಸ್ಥಳದಿಂದ ಕದಲಿಸಬಾರದು. ಅಕ್ಷರ ಸ್ಪಷ್ಟವಾಗಿ ಕಾಣಲೆಂದು ಬಣ್ಣ ತುಂಬುವುದು, ಮೊಳೆ ಅಥವಾ ತಂತಿಯ ಬ್ರಷ್ಷಿನಿಂದ ಕೆರೆಯುವುದು, ಆಮ್ಲದಿಂದ ತೊಳೆಯುವುದು ಹಾನಿಕರ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳ ನೆರಳು ಚೆನ್ನಾಗಿ ಬೀಳುವುದರಿಂದ ಆ ಹೊತ್ತಿನಲ್ಲಿ ಛಾಯಾಚಿತ್ರ ತೆಗೆಯುವುದು ಉತ್ತಮ. ಊರು, ಹೋಬಳಿ, ತಾಲ್ಲೂಕುಗಳ ಹೆಸರಿನೊಡನೆ ಸ್ಥಳವನ್ನು ನಿಖರವಾಗಿ ಗುರುತು ಮಾಡಿಕೊಂಡು, ರಾಜ್ಯದ ಪುರಾತತ್ತ್ವ ಇಲಾಖೆಗೆ ಅಥವಾ ಸಮೀಪದ ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗಕ್ಕೆ ತಿಳಿಸಬಹುದು. ಕಲ್ಲು ಈಗಾಗಲೇ ಪ್ರಕಟವಾಗಿದೆಯೇ ಎಂಬುದನ್ನು ಎಪಿಗ್ರಾಫಿಯಾ ಕರ್ನಾಟಿಕದ ಆ ತಾಲ್ಲೂಕಿನ ಪಟ್ಟಿಯಲ್ಲಿ ನೋಡಿ ತಿಳಿಯಬಹುದು.

ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಶಾಸನದ ಪಾಠವನ್ನು ಹುಡುಕಿ, ಅದರಲ್ಲಿನ ಊರು, ಕೆರೆ, ವ್ಯಕ್ತಿಗಳ ಹೆಸರುಗಳನ್ನು ಇಂದಿನ ಹೆಸರುಗಳೊಡನೆ ಹೋಲಿಸುವುದು ಸ್ಥಳೀಯ ಇತಿಹಾಸದ ಅಧ್ಯಯನಕ್ಕೆ ಒಳ್ಳೆಯ ಆರಂಭ. ಕಲ್ಲಿನ ಪಕ್ಕದಲ್ಲಿ ಅದರ ಕಾಲ ಮತ್ತು ಸಾರಾಂಶವನ್ನು ಇಂದಿನ ಕನ್ನಡದಲ್ಲಿ ಬರೆದ ಒಂದು ಫಲಕವಿದ್ದರೆ, ಅದು ಬರಿಯ ಚಪ್ಪಡಿಯೆಂದು ಯಾರೂ ಭಾವಿಸುವುದಿಲ್ಲ.

ಮಹತ್ವ

ಶಾಸನಗಳು ಅರಸರ ವಂಶಾವಳಿಗಳಿಗೆ ಮಾತ್ರ ಆಕರಗಳಲ್ಲ. ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತ ರೈತ, ಕೆರೆ ಕಟ್ಟಿಸಿದ ಗ್ರಾಮಮುಖ್ಯ, ದೀಪಕ್ಕೆ ಎಣ್ಣೆ ಬಿಟ್ಟ ವರ್ತಕ, ಕಲ್ಲನ್ನು ಕೆತ್ತಿದ ಶಿಲ್ಪಿ ಮುಂತಾದವರ ಹೆಸರುಗಳು ಅವುಗಳಲ್ಲಲ್ಲದೆ ಬೇರೆಲ್ಲೂ ಉಳಿದಿಲ್ಲ. ಬೆಂಗಳೂರಿನಂತಹ ನಗರದಲ್ಲಿ ಕಟ್ಟಡಗಳೂ ಬೀದಿಗಳೂ ಕೆಲವೇ ದಶಕಗಳಲ್ಲಿ ಬದಲಾಗುವಾಗ, ಸಾವಿರ ವರ್ಷ ಹಿಂದಿನ ಊರಿನ ಹೆಸರನ್ನು ಅದೇ ಊರಿನಲ್ಲಿ ನಿಂತು ಓದಲು ಸಾಧ್ಯವಾಗುವುದು ಈ ಕಲ್ಲುಗಳಿಂದ. ಮಿಥಿಕ್ ಸೊಸೈಟಿಯು ತನ್ನ ಮೊದಲ ನೂರು ವರ್ಷಗಳಲ್ಲಿ ಇತಿಹಾಸವನ್ನು ಮುಖ್ಯವಾಗಿ ಪತ್ರಿಕೆಯ ಪುಟಗಳಲ್ಲಿ ಮತ್ತು ಉಪನ್ಯಾಸ ಮಂದಿರದಲ್ಲಿ ಕಾಪಾಡಿತು. ಶಾಸನ ಯೋಜನೆಯೊಂದಿಗೆ ಆ ಕಾರ್ಯವು ಕೆರೆ ಏರಿ, ಹೊಲ ಮತ್ತು ಗುಡಿಯ ಅಂಗಳಗಳಿಗೆ ವಿಸ್ತರಿಸಿದೆ. ಸ್ಥಳೀಯ ಇತಿಹಾಸದ ರಕ್ಷಣೆಯಲ್ಲಿ ವಿದ್ವತ್ ಸಂಸ್ಥೆ, ಸರ್ಕಾರ ಮತ್ತು ಊರಿನ ಜನ ಒಟ್ಟಾಗಿ ದುಡಿಯಬಹುದಾದ ರೀತಿಗೆ ಇದು ಒಂದು ಮಾದರಿಯಾಗಿದೆ.